ರಜೆಯಲ್ಲಿ ಮಕ್ಕಳೊಂದಿಗೆ ಮೃಗಾಲಯ, ಮನರಂಜನಾ ಪಾರ್ಕು: ದಾವಣಗೆರೆ ಮತ್ತು ಚಿತ್ರದುರ್ಗದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯೋ ದಸರಾ ರಜೆಯೋ ಹತ್ತಿರವಾಗುತ್ತಿದ್ದಂತೆ ನಮ್ಮ ಎರಡು ಜಿಲ್ಲೆಗಳ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ: ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು, ಎಷ್ಟು ದಿನ, ಅಜ್ಜ ಅಜ್ಜಿಯನ್ನೂ ಕರೆದೊಯ್ಯಬಹುದೇ? ಹಲವು ವರ್ಷಗಳಿಂದ ನೆಂಟರೂ ನೆರೆಯವರೂ ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದು ಉತ್ತರಿಸಿದ್ದೇನೆ.

ಮಕ್ಕಳಿಗೆ ಮೊದಲ ಬಾರಿ ಮೃಗಾಲಯ ತೋರಿಸಬೇಕು. ಎಲ್ಲಿಂದ ಆರಂಭಿಸುವುದು?

ಮನೆಯ ಹತ್ತಿರದಿಂದಲೇ ಆರಂಭಿಸಿ. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 15 ಕಿ.ಮೀ. ಸಾಗಿದರೆ ಆನಗೋಡಿನಲ್ಲಿ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯವಿದೆ. ಚಿತ್ರದುರ್ಗದವರಿಗೆ ಜೋಗಿಮಟ್ಟಿಯ ದಾರಿಯಲ್ಲಿ ಆಡುಮಲ್ಲೇಶ್ವರ ಕಿರು ಮೃಗಾಲಯವಿದೆ. ಮೈಸೂರು, ಬನ್ನೇರುಘಟ್ಟಗಳನ್ನು ನೋಡಿಕೊಳ್ಳುವ ಕರ್ನಾಟಕ ಮೃಗಾಲಯ ಪ್ರಾಧಿಕಾರವೇ ಇವೆರಡನ್ನೂ ನೋಡಿಕೊಳ್ಳುತ್ತದೆ.

"ಅಲ್ಲಿ ಏನಿದೆ ಮಹಾ, ಹೋಗುವುದಾದರೆ ಮೈಸೂರಿಗೇ ಹೋಗೋಣ" ಎನ್ನುವವರು ಬಹಳ. ನಾಲ್ಕೈದು ವರ್ಷದ ಮಗುವಿನ ದೃಷ್ಟಿಯಿಂದ ನೋಡಿದರೆ ಈ ಮಾತು ಸರಿಯಲ್ಲ. ಅಷ್ಟು ಚಿಕ್ಕ ಮಗು ಉತ್ಸಾಹದಿಂದ ನಡೆಯುವುದು ಹೆಚ್ಚೆಂದರೆ ಎರಡು ತಾಸು. ಆಮೇಲೆ ಅದಕ್ಕೆ ಆನೆಯೂ ಬೇಡ, ಜಿರಾಫೆಯೂ ಬೇಡ, ಎತ್ತಿಕೊಂಡರೆ ಸಾಕು. ಕಿರು ಮೃಗಾಲಯವು ಆ ಎರಡು ತಾಸಿಗೆ ಅಳತೆ ಮಾಡಿದಂತಿರುತ್ತದೆ. ಜನಜಂಗುಳಿ ಕಡಿಮೆಯಿರುವುದರಿಂದ ಒಂದು ಪ್ರಾಣಿಯ ಎದುರು ಹತ್ತು ನಿಮಿಷ ನಿಂತರೂ ಹಿಂದಿನವರು ತಳ್ಳುವುದಿಲ್ಲ, ಮನಸ್ಸು ತುಂಬದಿದ್ದರೆ ಮುಂದಿನ ತಿಂಗಳು ಮತ್ತೆ ಬರಬಹುದು.

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಕರಡಿ, ಚಿರತೆಗಳು ನಮ್ಮ ಕಲ್ಲುಗುಡ್ಡಗಳ ನಿವಾಸಿಗಳು. ಶೇಂಗಾ ಹೊಲಕ್ಕೆ ಕರಡಿ ಇಳಿದ ಸುದ್ದಿಯನ್ನೋ ಊರಂಚಿನ ಗುಡ್ಡದಲ್ಲಿ ಚಿರತೆ ಕಂಡ ಸುದ್ದಿಯನ್ನೋ ಕೇಳದ ಹಳ್ಳಿ ನಮ್ಮ ಕಡೆ ಕಡಿಮೆ. ಮನೆಯಲ್ಲಿ ದೊಡ್ಡವರು ಹೆದರಿಕೆಯಿಂದ ಹೇಳಿದ ಕರಡಿಯನ್ನು ಆಡುಮಲ್ಲೇಶ್ವರದಲ್ಲಿ ನಿರಾಳವಾಗಿ ನಿಂತು ನೋಡಿದ ಮಗುವಿಗೆ, ಅದರ ಉದ್ದ ಉಗುರು ಗೆದ್ದಲಿನ ಹುತ್ತ ಬಗೆಯುವುದಕ್ಕೆ ಇದೆಯೆಂಬುದು ಅರ್ಥವಾದಾಗ, ತನ್ನ ಊರಿನ ಗುಡ್ಡವೇ ಬೇರೆಯಾಗಿ ಕಾಣತೊಡಗುತ್ತದೆ. ಈ ಅನುಭವವನ್ನು ದೂರದ ಯಾವ ಪಾರ್ಕೂ ಕೊಡಲಾರದೆಂದು ನಾನು ನಂಬಿದ್ದೇನೆ.

ಚಿತ್ರದುರ್ಗದಲ್ಲಿ ಕೋಟೆ ಮತ್ತು ಮೃಗಾಲಯ ಎರಡನ್ನೂ ಒಂದೇ ದಿನ ನೋಡುವುದಾದರೆ ಬೆಳಿಗ್ಗೆ ಕೋಟೆಗೆ ಹೋಗಿ. ಏಳುಸುತ್ತಿನ ಕೋಟೆಯ ಬಂಡೆಗಳು ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತಾಗಿ, ಒನಕೆ ಓಬವ್ವನ ಕಿಂಡಿಯವರೆಗೂ ಮಕ್ಕಳು ಬರಲಾರರು.

ಒಂದೇ ದಿನದಲ್ಲಿ ಹೋಗಿಬರಬಹುದಾದ ದೊಡ್ಡ ಮೃಗಾಲಯ ಯಾವುದು?

ಎರಡು ದಿಕ್ಕುಗಳಿವೆ. ಮೊದಲನೆಯದು ಶಿವಮೊಗ್ಗ. ನಗರದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರದಲ್ಲಿ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮವಿದೆ. 1988ರಲ್ಲಿ ಆರಂಭವಾದ ಈ ಧಾಮದಲ್ಲಿ ಪ್ರಾಣಿಗಳು ಮರಗಿಡಗಳ ನಡುವೆ ಬಯಲಲ್ಲಿರುತ್ತವೆ, ಜಾಲರಿ ಹಾಕಿದ ವಾಹನದೊಳಗೆ ಕುಳಿತಿರುವವರು ನಾವು. ನಡೆಯಲಾಗದ ಹಿರಿಯರಿದ್ದರೆ ಇದಕ್ಕಿಂತ ಅನುಕೂಲವಾದ ಸ್ಥಳ ನಮ್ಮ ಸುತ್ತಮುತ್ತ ಇಲ್ಲ. ಬೆಳಿಗ್ಗೆ ಬೇಗ ಹೊರಡುವ ಶಕ್ತಿಯಿದ್ದವರು ಮೊದಲು ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಬೇಕು. ಕಾಡಿನಿಂದ ಬಂದ ಆನೆಗಳಿಗೆ ಮಾವುತರೂ ಕಾವಾಡಿಗಳೂ ತುಂಗಾ ಹಿನ್ನೀರಿನಲ್ಲಿ ಸ್ನಾನ ಮಾಡಿಸುವ ದೃಶ್ಯ ಬೆಳಗಿನ ಹೊತ್ತಿನಲ್ಲಿ ಮಾತ್ರ ಸಿಗುತ್ತದೆ. ಹನ್ನೊಂದರ ನಂತರ ಹೋದರೆ ಖಾಲಿ ದಂಡೆಯನ್ನು ನೋಡಿ ಬರಬೇಕಾದೀತು.

ಎರಡನೆಯದು ಹಂಪಿಯ ಕಡೆ. ಕಮಲಾಪುರದ ಬಳಿ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯವು 2017ರಿಂದ ನಡೆಯುತ್ತಿದ್ದು, ಅಲ್ಲಿಯೂ ಸಫಾರಿ ಇದೆ. ಹತ್ತಿರದಲ್ಲೇ 1994ರಲ್ಲಿ ಘೋಷಣೆಯಾದ ದರೋಜಿ ಕರಡಿ ಧಾಮವಿದೆ. ಸಂಜೆಯ ಮೊದಲು ಅಲ್ಲಿನ ವೀಕ್ಷಣಾ ಗೋಪುರ ತಲುಪಿ ಸದ್ದಿಲ್ಲದೆ ಕಾದರೆ ಬಂಡೆಗಳ ನಡುವಿನಿಂದ ಕರಡಿಗಳು ಇಳಿದು ಬರುವುದನ್ನು ಕಾಣಬಹುದು. ಎರಡು ವರ್ಷದ ಕೂಸು ಜೊತೆಗಿದ್ದರೆ ಈ ಕಾಯುವಿಕೆ ಯಾರಿಗೂ ಸುಖ ಕೊಡುವುದಿಲ್ಲ. ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಇದು ಹೊಂದುತ್ತದೆ. ಹಂಪಿಯ ದೇವಾಲಯಗಳನ್ನೂ ಇದೇ ದಿನಕ್ಕೆ ತುರುಕಬೇಡಿ.

ಮೃಗಾಲಯಗಳಿಗೆ ವಾರದ ರಜೆ ಯಾವಾಗ?

ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಮಂಗಳವಾರ. ದಸರಾ ಮತ್ತು ಬೇಸಿಗೆ ರಜೆಯ ದಟ್ಟಣೆಯಲ್ಲಿ ಕೆಲವೊಮ್ಮೆ ಮಂಗಳವಾರವೂ ತೆರೆಯುವುದುಂಟು, ಆದ್ದರಿಂದ ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಇಷ್ಟು ದೂರ ಹೋದರೂ ಹುಲಿ ಮಲಗಿಯೇ ಇತ್ತು. ಪ್ರಾಣಿಗಳು ಚುರುಕಾಗಿರುವುದನ್ನು ನೋಡುವುದು ಹೇಗೆ?

ಬೆಕ್ಕಿನ ಜಾತಿಯ ಪ್ರಾಣಿಗಳು ದಿನದ ಹೆಚ್ಚಿನ ಹೊತ್ತನ್ನು ವಿಶ್ರಾಂತಿಯಲ್ಲೇ ಕಳೆಯುತ್ತವೆ. ಮನೆಯ ಬೆಕ್ಕನ್ನು ಮಧ್ಯಾಹ್ನ ಗಮನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಡಿನಲ್ಲಿಯೂ ಹುಲಿ ಬೇಟೆಗೆ ಹೊರಡುವುದು ಬಿಸಿಲಿಳಿದ ಮೇಲೆ ಅಥವಾ ನಸುಕಿನಲ್ಲಿ. ಬಹುತೇಕ ಕುಟುಂಬಗಳು ಊರಿನಿಂದ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಮೃಗಾಲಯದ ಬಾಗಿಲು ಮುಟ್ಟುವುದು ಹನ್ನೊಂದೂವರೆಗೆ. ಪ್ರಾಣಿಗಳು ನೆರಳು ಹುಡುಕಿ ಮಲಗುವುದೂ ಅದೇ ಹೊತ್ತಿಗೆ. ಬಾಗಿಲು ತೆರೆಯುವ ಸಮಯಕ್ಕೇ ಒಳಹೋಗಿ ಮೊದಲು ಹುಲಿ, ಸಿಂಹ, ಚಿರತೆ, ಕರಡಿಗಳ ಆವರಣಗಳತ್ತ ನಡೆಯಿರಿ. ಮೊಸಳೆ, ಆಮೆಗಳನ್ನು ಬಿಸಿಲೇರಿದ ಮೇಲೆ ನೋಡಿದರೂ ನಷ್ಟವಿಲ್ಲ, ಏಕೆಂದರೆ ಅವು ಮೈ ಬೆಚ್ಚಗಾಗಿಸಿಕೊಳ್ಳಲು ಬಿಸಿಲಿಗೇ ಬರುತ್ತವೆ.

ಒಂದು ವಿಷಯವನ್ನು ಮಕ್ಕಳಿಗೆ ತಿಳಿಸಿ ಹೇಳುವುದು ಒಳ್ಳೆಯದು. ಕಾಡಿನ ಹುಲಿಗೆ ಪ್ರತಿದಿನ ಬೇಟೆ ಸಿಗುವುದಿಲ್ಲ. ಒಮ್ಮೆ ಹೊಟ್ಟೆ ತುಂಬ ತಿಂದರೆ ಹಲವು ದಿನ ಹಾಗೆಯೇ ಕಳೆಯುವಂತೆ ಅದರ ದೇಹ ರೂಪುಗೊಂಡಿದೆ. ಅದಕ್ಕಾಗಿಯೇ ಅನೇಕ ಮೃಗಾಲಯಗಳು ಮಾಂಸಾಹಾರಿ ಪ್ರಾಣಿಗಳಿಗೆ ವಾರದಲ್ಲಿ ಒಂದು ದಿನ ಆಹಾರ ಕೊಡುವುದಿಲ್ಲ. ಬಿಳಿ ಹುಲಿಯನ್ನು ಕಂಡು ಅದು ಬೇರೆ ಜಾತಿಯ ಹುಲಿಯೆಂದು ಭಾವಿಸುವವರೂ ಬಹಳ ಮಂದಿ. ಅದು ನಮ್ಮ ಬಂಗಾಳ ಹುಲಿಯೇ. ವಂಶವಾಹಿಯ ಒಂದು ಬದಲಾವಣೆಯಿಂದ ಬಣ್ಣ ಬೇರೆಯಾಗಿದೆ ಅಷ್ಟೆ.

ಪ್ರಾಣಿಯೊಂದು ಒಂದೇ ದಾರಿಯಲ್ಲಿ ಹಿಂದೆ ಮುಂದೆ ಓಡಾಡುತ್ತಲೇ ಇದ್ದರೆ ಅದನ್ನು ಚುರುಕುತನವೆಂದು ತಿಳಿಯಬೇಡಿ. ಮಾಡಲು ಕೆಲಸವಿಲ್ಲದ ಬೇಸರ, ಒತ್ತಡಗಳ ಲಕ್ಷಣ ಅದು. ಹಗ್ಗ, ಮರದ ದಿಮ್ಮಿ, ನೀರಿನ ಹೊಂಡ, ಬಚ್ಚಿಟ್ಟ ಆಹಾರ ಇವೆಲ್ಲವನ್ನೂ ಆವರಣಗಳಲ್ಲಿ ಇಡುವುದು ಆ ಬೇಸರ ಕಳೆಯಲೆಂದೇ.

ಕೋತಿ, ಜಿಂಕೆಗಳಿಗೆ ಬಾಳೆಹಣ್ಣು ಕೊಟ್ಟರೆ ತಪ್ಪೇನು?

ತಪ್ಪಷ್ಟೇ ಅಲ್ಲ, ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಜೆ ಪ್ರಕರಣದಂತೆ ಮೃಗಾಲಯದ ಪ್ರಾಣಿಗಳಿಗೆ ಆಹಾರ ಕೊಡುವುದು, ಅವುಗಳನ್ನು ಕೆಣಕುವುದು, ಗದ್ದಲದಿಂದ ತೊಂದರೆ ಕೊಡುವುದು, ಆವರಣದಲ್ಲಿ ಕಸ ಹಾಕುವುದು ಎಲ್ಲವೂ ನಿಷಿದ್ಧ. ಮೃಗಾಲಯದಲ್ಲಿ ಪ್ರತಿಯೊಂದು ಪ್ರಾಣಿಗೂ ತೂಕ ಮಾಡಿದ ಆಹಾರವನ್ನು ಸಮಯಕ್ಕೆ ಸರಿಯಾಗಿ ಕೊಡುತ್ತಾರೆ. ಒಂದು ಕುಟುಂಬ ಕೊಟ್ಟದ್ದು ಒಂದೇ ಬಾಳೆಹಣ್ಣಾದರೂ ಅಂದು ಬಂದ ಸಾವಿರ ಜನರೂ ಹಾಗೆಯೇ ಯೋಚಿಸಿದರೆ ಪ್ರಾಣಿಯ ಗತಿ ಏನಾಗಬೇಕು? ಹಣ್ಣಿಗಿಂತಲೂ ಕೆಟ್ಟದ್ದು ಅದರೊಂದಿಗೆ ಹೋಗುವ ಪ್ಲಾಸ್ಟಿಕ್ ಚೀಲ. ಉಪ್ಪಿನ ರುಚಿ ಹತ್ತಿದ ಚೀಲವನ್ನು ಜಿಂಕೆ ನುಂಗಿದರೆ ಅದು ಹೊಟ್ಟೆಯಲ್ಲೇ ಉಳಿದು ಜೀವಕ್ಕೇ ಎರವಾಗುತ್ತದೆ.

ಕಲ್ಲೆಸೆಯುವುದು, ಸಿಳ್ಳೆ ಹೊಡೆಯುವುದು, ಗಾಜು ಬಡಿಯುವುದು ಇವನ್ನು ಮಕ್ಕಳು ಸ್ವತಃ ಕಂಡುಹಿಡಿಯುವುದಿಲ್ಲ. ಪಕ್ಕದಲ್ಲಿರುವ ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಇನ್ನೊಬ್ಬರ ಮನೆಗೆ ಹೋದಾಗ ಹೇಗಿರಬೇಕೆಂದು ಮಕ್ಕಳಿಗೆ ಹೇಳಿಕೊಡುವ ನಾವು ಇಲ್ಲಿಯೂ ಅದನ್ನೇ ಹೇಳಿಕೊಡಬೇಕು.

ಮೈಸೂರು ಮೃಗಾಲಯಕ್ಕೆ ಎಷ್ಟು ದಿನ ಇಟ್ಟುಕೊಳ್ಳಬೇಕು? ಹೋಗುವುದು ಹೇಗೆ?

ಮೃಗಾಲಯಕ್ಕೇ ಅರ್ಧ ದಿನ ಪೂರ್ತಿ ಬೇಕು. ಮೂರ್ನಾಲ್ಕು ತಾಸಿನ ನಡಿಗೆಯಿದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಆರಂಭವಾದ ಈ ಮೃಗಾಲಯದಲ್ಲಿ ಜಿರಾಫೆ, ಘೇಂಡಾಮೃಗಗಳ ಜೊತೆಗೆ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳೂ ಇವೆ. ನಡೆಯಲಾಗದವರಿಗೆ ಬ್ಯಾಟರಿ ವಾಹನವಿದೆ. ಪಕ್ಕದ ಕಾರಂಜಿ ಕೆರೆಯಲ್ಲಿ ಒಳಗೆ ನಡೆದಾಡಬಹುದಾದ ದೊಡ್ಡ ಪಕ್ಷಿಧಾಮವಿದ್ದು, ಮಧ್ಯಾಹ್ನದ ಊಟದ ನಂತರ ಮಕ್ಕಳಿಗೆ ಅದು ಹಿತವಾಗಿರುತ್ತದೆ.

ದಾವಣಗೆರೆಯಿಂದ ಮೈಸೂರಿಗೆ ನೇರ ರೈಲುಗಳಿವೆ. ಕಾರಿನಲ್ಲಿ ಹೋಗುವವರು ಬೆಂಗಳೂರನ್ನು ಮುಟ್ಟದೆ ಹಿರಿಯೂರು, ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿಯಬಹುದು. ಹೋಗುವುದು, ನೋಡುವುದು, ಮರಳುವುದು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟವರು ಮಕ್ಕಳಿಗೆ ಕಾರಿನ ಕಿಟಕಿಯನ್ನು ಮಾತ್ರ ತೋರಿಸಿದಂತಾಗುತ್ತದೆ. ಕನಿಷ್ಠ ಒಂದು ರಾತ್ರಿ ತಂಗಿರಿ.

ಬಿಡದಿಯ ಮನರಂಜನಾ ಪಾರ್ಕಿಗೆ ಹೋಗಲು ಬೆಂಗಳೂರು ನಗರದ ಒಳಗೆ ಹೋಗಬೇಕೇ?

ಬೇಕಿಲ್ಲ. 2005ರಿಂದ ನಡೆಯುತ್ತಿರುವ ವಂಡರ್‌ಲಾ ಇರುವುದು ಮೈಸೂರು ರಸ್ತೆಯ ಬಿಡದಿಯ ಬಳಿ. ತುಮಕೂರು ರಸ್ತೆಯಲ್ಲಿ ನಗರ ಪ್ರವೇಶಿಸುವ ಮೊದಲೇ ಸಿಗುವ ನೈಸ್ ರಸ್ತೆಗೆ ತಿರುಗಿ ಸುಂಕ ಕಟ್ಟಿದರೆ ನೇರವಾಗಿ ಮೈಸೂರು ರಸ್ತೆಗೆ ಬರಬಹುದು. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 260 ಕಿ.ಮೀ. ಆದ್ದರಿಂದ ಹಿಂದಿನ ರಾತ್ರಿ ಹತ್ತಿರದಲ್ಲಿ ತಂಗಿ, ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಒಳಹೋಗುವುದು ಜಾಣತನ. ಬೇಡಿಕೆಯಿರುವ ರೈಡ್‌ಗಳಿಗೆ ಮೊದಲ ತಾಸಿನಲ್ಲಿ ಸಾಲು ಚಿಕ್ಕದಿರುತ್ತದೆ. ಬಿಸಿಲೇರಿದಾಗ ಎಲ್ಲರೂ ನೀರಿನ ಕಡೆ ಹೋಗುವುದರಿಂದ ಒಣ ರೈಡ್‌ಗಳನ್ನು ಮೊದಲು ಮುಗಿಸಿಕೊಳ್ಳಿ.

ಮಗುವಿಗೆ ಎಂಟು ವರ್ಷ. ಎಲ್ಲ ರೈಡ್‌ಗಳಿಗೂ ಬಿಡುತ್ತಾರೆಯೇ?

ರೈಡ್‌ಗಳಲ್ಲಿ ಕೇಳುವುದು ವಯಸ್ಸನ್ನಲ್ಲ, ಎತ್ತರವನ್ನು. ಹಲವೆಡೆ ಟಿಕೆಟ್ ದರವೂ ಎತ್ತರದ ಮೇಲೆಯೇ ನಿರ್ಧಾರವಾಗುತ್ತದೆ. ಇದಕ್ಕೆ ಕಾರಣ ಸರಳ: ತೊಡೆಯ ಮೇಲೆ ಬರುವ ಕಂಬಿ, ಭುಜದ ಮೇಲೆ ಇಳಿಯುವ ಕವಚ ಎರಡನ್ನೂ ನಿರ್ದಿಷ್ಟ ಅಳತೆಯ ಮೈಗೆ ಹೊಂದುವಂತೆ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮೈ, ಯಂತ್ರ ವೇಗವಾಗಿ ತಿರುಗುವಾಗ ಅಥವಾ ಥಟ್ಟನೆ ನಿಂತಾಗ, ಕಂಬಿಯ ಕೆಳಗಿನಿಂದ ಜಾರಿಹೋಗಬಹುದು. ಧೈರ್ಯವಂತ ಮಗುವಾದರೂ, ತಂದೆ ಪಕ್ಕದಲ್ಲಿ ಹಿಡಿದು ಕೂತರೂ ಈ ಅಪಾಯ ತಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಕ್ಕನ ಮಗನಿಗೆ ಒಂದು ತಿಂಗಳಿನಿಂದ ಒಂದು ರೈಡಿನ ಹೆಸರು ಹೇಳಿ ಆಸೆ ಹುಟ್ಟಿಸಿದ್ದೆವು. ಪಾರ್ಕಿನಲ್ಲಿ ಮುಕ್ಕಾಲು ತಾಸು ಸಾಲಿನಲ್ಲಿ ನಿಂತು ತುದಿ ಮುಟ್ಟಿದಾಗ, ಅಳತೆಯ ಗೆರೆಗೆ ಅವನು ಎರಡು ಬೆರಳು ಕಡಿಮೆ ಬಂದ. ಭಾವ ಅಲ್ಲಿನ ಹುಡುಗನೊಂದಿಗೆ ವಾದಕ್ಕೆ ನಿಂತರು, ನಾನೂ ದನಿಗೂಡಿಸಿದೆ. ಆ ಹುಡುಗ ಒಪ್ಪಲಿಲ್ಲ, ಒಪ್ಪದೇ ಇದ್ದದ್ದು ಸರಿಯಾಗಿತ್ತು. ಆದರೆ ಅಷ್ಟು ಜನರೆದುರು ವಾಪಸು ಇಳಿದು ಬಂದ ಮಗುವಿನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಹೊರಡುವ ಮೊದಲು ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಅಳೆಯಿರಿ, ಪಾರ್ಕಿನವರು ಪ್ರಕಟಿಸಿರುವ ಎತ್ತರದ ಮಿತಿಗಳನ್ನು ಜೊತೆಗಿಟ್ಟು ನೋಡಿ, ಯಾವುದಕ್ಕೆ ಹೋಗಬಹುದು ಯಾವುದಕ್ಕೆ ಆಗದು ಎಂಬುದನ್ನು ಮಗುವಿಗೆ ಮನೆಯಲ್ಲೇ ತಿಳಿಸಿ.

ಹಿರಿಯರು, ಗರ್ಭಿಣಿಯರು ರೈಡ್‌ಗಳಲ್ಲಿ ಕೂರಬಹುದೇ?

ಗರ್ಭಿಣಿಯರು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು, ಬೆನ್ನು ಕುತ್ತಿಗೆಯ ನೋವಿನವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೇಗದ ರೈಡ್‌ಗಳಿಂದ ದೂರವಿರಬೇಕು. ಮಕ್ಕಳು ಒತ್ತಾಯಿಸಿದರೆಂದು ಅಜ್ಜ ಮನಸ್ಸು ಬದಲಿಸುವುದು ಬೇಡ.

ನೀರಿನ ಆಟಕ್ಕೆ ನೈಲಾನ್ ಬಟ್ಟೆಯೇ ಏಕೆ ಬೇಕು? ಸೀರೆ, ಚೂಡಿದಾರದಲ್ಲಿ ಇಳಿಯಲು ಬಿಡುವುದಿಲ್ಲವೇ?

ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಎಳೆಗಳನ್ನು ಬಿಟ್ಟು ನೀರು ಶುದ್ಧಗೊಳಿಸುವ ಯಂತ್ರಕ್ಕೆ ತೊಡಕಾಗುತ್ತದೆ. ಸೆರಗು, ದುಪಟ್ಟಾಗಳು ಜಾರುಬಂಡಿಯಲ್ಲಿ ಸುತ್ತಿಕೊಂಡರೆ ಪ್ರಾಣಾಪಾಯವಿದೆ. ಜೀನ್ಸಿನ ಲೋಹದ ಗುಂಡಿ, ಜಿಪ್ಪುಗಳು ಜಾರುವ ಮೇಲ್ಮೈಯನ್ನು ಗೀರುತ್ತವೆ, ಹಿಂದೆ ಬರುವವರ ಚರ್ಮವನ್ನೂ ಗೀರುತ್ತವೆ. ಮೈ ಮುಚ್ಚುವ ಉದ್ದನೆಯ ನೈಲಾನ್ ಉಡುಪುಗಳು ದಾವಣಗೆರೆಯ ಅಂಗಡಿಗಳಲ್ಲೇ ಸಿಗುತ್ತವೆ; ಸಂಕೋಚಪಡುವ ಹೆಣ್ಣುಮಕ್ಕಳು ಅವನ್ನು ಮೊದಲೇ ಕೊಂಡಿಟ್ಟುಕೊಂಡರೆ ಅಲ್ಲಿ ದಡದಲ್ಲೇ ಕುಳಿತು ಚೀಲ ಕಾಯುವ ಪ್ರಸಂಗ ಬರುವುದಿಲ್ಲ. ಮನೆಯ ತಾಯಂದಿರೂ ನೀರಿಗಿಳಿಯಲಿ ಎಂಬುದು ನನ್ನ ಮನಸ್ಸಿನ ಮಾತು. ಮಾಂಗಲ್ಯ ಸರ, ಓಲೆಗಳನ್ನು ಮನೆಯಲ್ಲೇ ಇಟ್ಟು ಬರುವುದು ಲೇಸು. ಮಕ್ಕಳು ಮೊಣಕಾಲುದ್ದದ ನೀರಿನಲ್ಲಿದ್ದರೂ ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿ ನಿಂತಿರಬೇಕು. ಜೀವರಕ್ಷಕರಿದ್ದಾರೆಂದು ಫೋನು ನೋಡುತ್ತಾ ಕೂರಬಾರದು.

ಊಟ ಕಟ್ಟಿಕೊಂಡು ಹೋಗಬಹುದೇ?

ದಾರಿಗೆ ಖಂಡಿತ ಕಟ್ಟಿಕೊಳ್ಳಿ. ಚಪಾತಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಬಿಸಿಲಿಗೂ ಸಂಜೆಯವರೆಗೆ ಕೆಡುವುದಿಲ್ಲ. ಕಾಯಿ ಹಾಕಿದ ಪದಾರ್ಥ, ಮೊಸರನ್ನ ಬೇಸಿಗೆಯಲ್ಲಿ ನಂಬುವಂತಿಲ್ಲ. ಮನರಂಜನಾ ಪಾರ್ಕುಗಳು ಸಾಮಾನ್ಯವಾಗಿ ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಕಟ್ಟಿಕೊಂಡದ್ದನ್ನು ಒಳಹೋಗುವ ಮೊದಲೇ ಮುಗಿಸಬೇಕು. ತಿರುಗುವ ರೈಡ್‌ಗಳಿಗೆ ಮೊದಲು ಹೊಟ್ಟೆ ಬಿರಿಯೆ ತಿನ್ನಬಾರದು, ಬರಿಹೊಟ್ಟೆಯಲ್ಲೂ ಹೋಗಬಾರದು. ಬೆಳಿಗ್ಗೆ ನಾಲ್ಕು ಬೆಣ್ಣೆ ದೋಸೆ ತಿಂದು ಹೊರಟವರಿಗೆ ಸಂಕಟವಾದರೆ ಅದು ದೋಸೆಯ ದೋಷವಲ್ಲ. ಒಳಕಿವಿ ತಿರುಗುತ್ತಿದ್ದೇನೆಂದು ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ಹೊಂದಾಣಿಕೆ ತಪ್ಪಿದಾಗ ವಾಕರಿಕೆ ಬರುತ್ತದೆ, ತುಂಬಿದ ಹೊಟ್ಟೆ ಅದನ್ನು ಹೆಚ್ಚಿಸುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಹೋದರೆ ಖರ್ಚು ಕಡಿಮೆಯಾಗುತ್ತದೆಯೇ?

ಆಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ರೈಡ್‌ಗಳಿಲ್ಲದ, ನೆಮ್ಮದಿಯಾಗಿ ನೋಡುವಂಥ ಥೀಮ್ ಪಾರ್ಕು ಹತ್ತಿರದಲ್ಲಿ ಇದೆಯೇ?

ದಾವಣಗೆರೆಯಿಂದ ಹುಬ್ಬಳ್ಳಿಯ ದಿಕ್ಕಿನಲ್ಲಿ ಎರಡು ತಾಸು ಸಾಗಿದರೆ ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಯಲ್ಲಿ, ಹೆದ್ದಾರಿಯ ಬದಿಗೇ, ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಆ ಶಿಲ್ಪಗಳ ಮುಂದೆ ಅಜ್ಜಿ ತಾನು ಕಂಡ ಕಾಲವನ್ನು ಮೊಮ್ಮಕ್ಕಳಿಗೆ ವಿವರಿಸತೊಡಗಿದರೆ ಅರ್ಧ ದಿನ ಸರಿದದ್ದು ತಿಳಿಯುವುದಿಲ್ಲ. ಮೂರು ತಲೆಮಾರು ಒಟ್ಟಿಗೆ ಹೊರಡುವ ಕುಟುಂಬಕ್ಕೆ ನಾನು ಮೊದಲು ಸೂಚಿಸುವ ಸ್ಥಳ ಇದೇ. ದಾರಿಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಇದೆ.

ಜಾತ್ರೆಯ ತೊಟ್ಟಿಲಿಗೂ ಪಾರ್ಕಿನ ರೈಡಿಗೂ ಏನು ವ್ಯತ್ಯಾಸ?

ದುಗ್ಗಮ್ಮನ ಜಾತ್ರೆಗೋ ನಾಯಕನಹಟ್ಟಿಯ ಜಾತ್ರೆಗೋ ಬರುವ ತೊಟ್ಟಿಲನ್ನು ಊರಿಂದೂರಿಗೆ ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಿರುತ್ತಾರೆ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತುವ ಮೊದಲು ಬುಡದ ನೆಲ ಗಟ್ಟಿಯಾಗಿದೆಯೇ, ತೊಟ್ಟಿಲ ಬಾಗಿಲಿಗೆ ಚಿಲಕವಿದೆಯೇ, ಹೆಚ್ಚು ಜನರನ್ನು ತುಂಬುತ್ತಿಲ್ಲವೇ ಎಂಬುದನ್ನು ನೋಡಿಕೊಳ್ಳಿ. ಹೆಣ್ಣುಮಕ್ಕಳ ಜಡೆ, ದುಪಟ್ಟಾ ಕಟ್ಟಿರಲಿ. ಮಳೆ ಬಂದ ರಾತ್ರಿ ಹತ್ತಬೇಡಿ.

ಗುಂಪಿನಲ್ಲಿ ಮಗು ತಪ್ಪಿಸಿಕೊಂಡರೆ ಏನು ಮಾಡಬೇಕು?

ತಪ್ಪಿಸಿಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಹೆಚ್ಚು. ಚಿಕ್ಕ ಮಕ್ಕಳನ್ನು ಅಪ್ಪನ ಹೆಸರೇನೆಂದು ಕೇಳಿದರೆ "ಅಪ್ಪ" ಎಂದೇ ಹೇಳುತ್ತವೆ. ತಂದೆ ತಾಯಿಯ ಹೆಸರು, ಊರಿನ ಹೆಸರುಗಳನ್ನು ಕಲಿಸಿ, ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ಸಂಖ್ಯೆ ಬರೆಯಿರಿ. ಬೆಳಿಗ್ಗೆ ಬಾಗಿಲಲ್ಲಿ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅಂದು ತೊಟ್ಟ ಬಟ್ಟೆಯ ಬಣ್ಣವನ್ನು ಗಾಬರಿಯಲ್ಲಿ ನೆನಪಿಸಿಕೊಳ್ಳಬೇಕಾಗುವುದಿಲ್ಲ. ಕಾಣದಾದ ಕೂಡಲೇ ಎಲ್ಲರೂ ದಿಕ್ಕಿಗೊಬ್ಬರಂತೆ ಓಡಬೇಡಿ. ಒಬ್ಬರು ಕೊನೆಯದಾಗಿ ಮಗು ಕಂಡ ಜಾಗದಲ್ಲೇ ನಿಲ್ಲಬೇಕು, ಇನ್ನೊಬ್ಬರು ಭದ್ರತಾ ಸಿಬ್ಬಂದಿಯ ಬಳಿಗೆ ಹೋಗಬೇಕು. ನೀರಿನ ಪಾರ್ಕಾದರೆ ಮಗುವನ್ನು ಮೊದಲು ಹುಡುಕಬೇಕಾದದ್ದು ನೀರಿನಲ್ಲಿ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112.

ಯಾವ ತಿಂಗಳು ಒಳ್ಳೆಯದು?

ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಆಗ ನೀರಿನ ಪಾರ್ಕು ಸರಿ, ಮೃಗಾಲಯದ ನಡಿಗೆ ಕಷ್ಟ. ದಸರಾ ಸಮಯದಲ್ಲಿ ಮೈಸೂರು ತುಂಬಿ ತುಳುಕುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಸಾಧ್ಯವಿದ್ದವರು ಫೆಬ್ರವರಿಯ ಒಂದು ಬುಧವಾರವೋ ಗುರುವಾರವೋ ಮಗುವಿಗೆ ಶಾಲೆಯಿಂದ ರಜೆ ಕೇಳಿ ಹೋಗಿಬಂದರೆ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ.

ಮಗುವಿನ ಹುಟ್ಟುಹಬ್ಬಕ್ಕೆ ಪ್ರಾಣಿಯನ್ನು ದತ್ತು ಪಡೆಯಬಹುದೆಂದು ಕೇಳಿದ್ದೇವೆ. ನಿಜವೇ?

ನಿಜ. ದತ್ತು ಪಡೆದರೆ ಪ್ರಾಣಿಯನ್ನು ಮನೆಗೆ ತರುವುದಿಲ್ಲ. ಅದರ ನಿಗದಿತ ಅವಧಿಯ ಆಹಾರ, ಆರೈಕೆಯ ವೆಚ್ಚವನ್ನು ನಾವು ಭರಿಸುತ್ತೇವೆ. ಆನೆ, ಹುಲಿಗಳಿಗೆ ದೊಡ್ಡ ಮೊತ್ತ ಬೇಕಾದರೂ ಚಿಕ್ಕ ಹಕ್ಕಿಗಳಿಗೆ ಸಾಮಾನ್ಯ ಕುಟುಂಬವೂ ಭರಿಸಬಹುದಾದಷ್ಟೇ ಮೊತ್ತವಿರುತ್ತದೆ. ಮೈಸೂರಿನಂಥ ದೊಡ್ಡ ಮೃಗಾಲಯಗಳಿಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಆದ್ದರಿಂದ ಆನಗೋಡು ಅಥವಾ ಆಡುಮಲ್ಲೇಶ್ವರದ ಕಚೇರಿಯಲ್ಲಿ ವಿಚಾರಿಸಿ ಎಂದು ನಾನು ಕೋರುತ್ತೇನೆ. ಹತ್ತಿರದಲ್ಲಿದ್ದರೆ ತನ್ನ ಹೆಸರಿನಲ್ಲಿ ಊಟ ಮಾಡುತ್ತಿರುವ ನವಿಲನ್ನು ಮಗು ಯಾವ ಭಾನುವಾರ ಬೇಕಾದರೂ ಹೋಗಿ ನೋಡಿ ಬರಬಹುದು.